ಇಪ್ಪತ್ತೆಂಟನೆಯ ದಿನ

ಬಾಗಲಕೋಟೆಯ ನವನಗರದಲ್ಲಿ ಮನೆ ಕಟ್ಟಿಸುವಾಗ ಸ್ಲ್ಯಾಬ್ ಹಾಕಿದ ದಿನ, ಕಾಂಕ್ರೀಟಿನ ಬಲ ಪರೀಕ್ಷಿಸಲೆಂದು ನಾನು ಮೂರು ಕ್ಯೂಬ್ ಮಾಡಿಸಿದ್ದೆ. ಮಾಡಿಸು ಎಂದು ಯಾರೂ ಹೇಳಿರಲಿಲ್ಲ. ನಮ್ಮ ಓಣಿಯಲ್ಲಿ ಅದಕ್ಕೆ ಮೊದಲು ಯಾರೂ ಮಾಡಿಸಿದ್ದು ಕಾಣೆ, ಆಮೇಲೂ ಕಾಣೆ. ಸಾಲ ಮಾಡಿ ಕಟ್ಟಿಸುವವನಿಗೆ ಇರುವ ಭಯ ಒಂದು ಕಡೆ, ಎಲ್ಲೋ ಓದಿದ ಅರ್ಧಂಬರ್ಧ ತಿಳಿವಳಿಕೆ ಇನ್ನೊಂದು ಕಡೆ. ಕಬ್ಬಿಣದ ಅಚ್ಚುಗಳನ್ನು ಬಾಡಿಗೆಗೆ ತಂದೆ. ಪ್ರತಿ ಬದಿ 150 ಮಿಲಿಮೀಟರ್. ಕಾಂಕ್ರೀಟನ್ನು ಮೂರು ಪದರಾಗಿ ತುಂಬಬೇಕು, ಪದರಿಗೆ 35 ಸಲ ಸಲಾಕೆಯಿಂದ ಕುಕ್ಕಬೇಕು, ಮರುದಿನ ಅಚ್ಚು ಬಿಚ್ಚಿ ನೀರಲ್ಲಿ ಮುಳುಗಿಸಬೇಕು. ಗೌಂಡಿಗೆ ಇಷ್ಟು ಹೇಳಿ, ಕೆಲಸದವರಿಗೆ ಚುರಮರಿ, ಮಿರ್ಚಿ ತರಲು ಹೋದೆ. ತಪ್ಪಾದದ್ದು ಅಲ್ಲೇ ಎಂದು ತಿಳಿದದ್ದು ಇಪ್ಪತ್ತೆಂಟು ದಿನ ಬಿಟ್ಟು.

ಸ್ಲ್ಯಾಬ್ ಹಾಕಿದ್ದು ಸೋಮವಾರ. ಕ್ಯೂಬನ್ನು ಲ್ಯಾಬಿನಲ್ಲಿ ಒಡೆದು ನೋಡುವುದು ಇಪ್ಪತ್ತೆಂಟನೆಯ ದಿನ, ಹಾಗಾಗಿ ಅದೂ ಸೋಮವಾರವೇ. ಇಪ್ಪತ್ತೆಂಟು ಎಂದರೆ ಸರಿಯಾಗಿ ನಾಲ್ಕು ವಾರ. ಎರಕ ಹೊಯ್ದ ವಾರವೇ ಪರೀಕ್ಷೆಯ ವಾರವೂ ಆಗುವುದರಿಂದ ಲೆಕ್ಕ ತಪ್ಪುವುದಿಲ್ಲ. ಭಾನುವಾರ ಸ್ಲ್ಯಾಬ್ ಹಾಕಿಸಿದವರ ಮಾಲು ಮಾತ್ರ ಲ್ಯಾಬಿನವರಿಗೆ ತಲೆನೋವು. ಬ್ಯಾರಲ್ಲಿನಲ್ಲಿ ಮುಳುಗಿಸಿಟ್ಟ ಮೂರೂ ಕ್ಯೂಬನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಒಂದೊಂದು ಎಂಟು ಕಿಲೋ ತೂಗುವುದನ್ನು ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ವಿದ್ಯಾಗಿರಿಯ ಲ್ಯಾಬಿನ ಕಡೆ ಹೊರಟೆ.

ಲ್ಯಾಬಿನಲ್ಲಿದ್ದ ಹಿರಿಯರು ಮಾತು ಕಡಿಮೆಯವರು. ಕ್ಯೂಬಿನ ಮೈ ಒರೆಸಿದರು, ತೂಗಿದರು, ಎರಕದಲ್ಲಿ ಮೇಲ್ಮೈ ಆಗಿದ್ದ ಬದಿಯನ್ನು ಪಕ್ಕಕ್ಕೆ ತಿರುಗಿಸಿ ಯಂತ್ರದ ಎರಡು ಉಕ್ಕಿನ ಹಲಗೆಗಳ ನಡುವೆ ಕೂರಿಸಿದರು. ಒತ್ತಡ ಏರತೊಡಗಿತು. ಏರುವುದಕ್ಕೂ ಒಂದು ವೇಗ ಗೊತ್ತು ಮಾಡಿದ್ದಾರೆ: ನಿಮಿಷಕ್ಕೆ ಚದರ ಸೆಂಟಿಮೀಟರಿಗೆ 140 ಕಿಲೋ. ಅವಸರ ಮಾಡಿದರೆ ಕಾಂಕ್ರೀಟು ಇದ್ದದ್ದಕ್ಕಿಂತ ಗಟ್ಟಿ ಎಂದು ತೋರುತ್ತದೆ. ಮೊದಲು ಸಣ್ಣ ಚಿಟಿಚಿಟಿ, ಆಮೇಲೆ ಬದಿಯಿಂದ ಒಂದು ಚಕ್ಕೆ, ಆಮೇಲೆ ಮಡಕೆ ಒಡೆದ ಸದ್ದು. ಮುಳ್ಳು ನಿಂತಲ್ಲಿ ಅಂಕಿ ಬರೆದುಕೊಂಡರು. 850 ಕಿಲೋನ್ಯೂಟನ್. ಎರಡನೆಯದು 858. ಮೂರನೆಯದು 862.

ನನಗೆ ಹಿಗ್ಗು. ನಾವು ಬಯಸಿದ್ದು ಎಂ-20, ಅಂದರೆ ಚದರ ಮಿಲಿಮೀಟರಿಗೆ 20 ನ್ಯೂಟನ್; ಅದಕ್ಕೆ ಕ್ಯೂಬ್ 450 ಕಿಲೋನ್ಯೂಟನ್, ಹತ್ತಿರ ಹತ್ತಿರ ನಲವತ್ತಾರು ಟನ್ ಭಾರ ತಡೆದರೆ ಸಾಕು. ಇವು 38ರ ಆಸುಪಾಸಿಗೆ ಬಂದಿದ್ದವು. ಹಿರಿಯರ ಮುಖ ಮಾತ್ರ ಅರಳಲಿಲ್ಲ. ಅಂಕಿ ಬಿಟ್ಟು ನನ್ನನ್ನೇ ನೋಡಿದರು.

"ಸರ, ಈ ಕ್ಯೂಬ್ ಯಾರು ಮಾಡ್ಯಾರ್ರಿ?"

"ನಮ್ಮ ಗೌಂಡಿ."

"ಸ್ಲ್ಯಾಬಿಗೆ ಹಾಕಿದ ಮಾಲಿನೊಳಗಿಂದನ ತಗದಾರೇನು, ಇದಕ್ಕಂತ ಬ್ಯಾರೆ ಕಲಿಸ್ಯಾರೇನು?"

ಸಂಜೆ ಗೌಂಡಿಯನ್ನು ಕೇಳಿದೆ. ಆತ ಒಂದಿಷ್ಟೂ ಅಳುಕದೆ, ಉಪಕಾರ ಮಾಡಿದವನ ದನಿಯಲ್ಲಿ ಹೇಳಿದ: "ಪರೀಕ್ಷಾಕ್ಕ ಹೊಂಟಾವಲ್ಲರಿ ಸರ, ಅದಕ್ಕ ಒಂದು ಬುಟ್ಟಿ ಸಿಮೆಂಟ್ ಜಾಸ್ತಿ ಹಾಕಿ ಚಲೋತ್ನಾಗಿ ಕಲಿಸಿದ್ನಿ. ನಿಮ್ಮ ಮನೀ ಮರ್ಯಾದಿ ಪ್ರಶ್ನೆ ಐತಿ."

ಮಗನ ಪರೀಕ್ಷೆಗೆ ಬೇರೆಯವರ ಮಗನನ್ನು ಕಳಿಸಿದ ಹಾಗಾಗಿತ್ತು. ಆದರೆ ಬೆರಗು ಹುಟ್ಟಿಸಿದ್ದು ಗೌಂಡಿಯ ಜಾಣತನಕ್ಕಿಂತ ಹಿರಿಯರ ಕಣ್ಣು. ಅವರು ನಮ್ಮ ಕಟ್ಟಡ ನೋಡಿರಲಿಲ್ಲ, ಗೌಂಡಿಯನ್ನು ನೋಡಿರಲಿಲ್ಲ. ಮೂರು ಅಂಕಿ ನೋಡಿ ಕಥೆ ಓದಿದ್ದರು. ಹೇಗೆ ಎಂದು ಕೇಳಲು ನಾನು ಮತ್ತೆ ಮತ್ತೆ ಅಲ್ಲಿಗೆ ಹೋದೆ. ಈ ಬರಹ ಆ ಓಡಾಟದ ಫಲ.

ಅವರ ವಿವರಣೆ ಸರಳ. ಎಂ-20 ಬೇಕೆಂದರೆ ತಯಾರಿಸುವವರು 20ಕ್ಕೇ ಗುರಿ ಇಡುವುದಿಲ್ಲ. ಆಚೀಚೆ ಆಗುವುದನ್ನು ನೆನೆದು ಸರಾಸರಿ 26, 27ಕ್ಕೆ ಇಡುತ್ತಾರೆ. ಅಳತೆಯ ಪೆಟ್ಟಿಗೆ ಇಲ್ಲದೆ ಬುಟ್ಟಿ ಲೆಕ್ಕದಲ್ಲಿ ಕಲಿಸಿದ ಮನೆಯ ಕಾಂಕ್ರೀಟು, ಅದೂ ನಲವತ್ತು ಡಿಗ್ರಿ ಮುಟ್ಟುವ ನಮ್ಮ ಬೇಸಿಗೆಯಲ್ಲಿ, 38 ಮುಟ್ಟುವುದು ಅಪರೂಪ. ಅದಕ್ಕಿಂತ ದೊಡ್ಡ ಸುಳಿವು, ಮೂರೂ ಅಂಕಿ ಒಂದರ ಪಕ್ಕ ಒಂದು ಕೂತದ್ದು. ಮೂರು ಕ್ಯೂಬಿನ ಸರಾಸರಿಯಿಂದ ಶೇ 15ರವರೆಗೆ ಒಂದೊಂದೂ ಆಚೀಚೆ ಆಗಬಹುದು ಎಂದು ನಿಯಮವೇ ಒಪ್ಪುತ್ತದೆ. ಸೈಟಿನಲ್ಲಿ ಮಾಡಿದ ಕ್ಯೂಬುಗಳು ಸ್ವಲ್ಪವಾದರೂ ಜಗಳಾಡುತ್ತವೆ. ಇವು ಅಣ್ಣ ತಮ್ಮಂದಿರ ಹಾಗೆ ಹೊಂದಿಕೊಂಡಿದ್ದವು. "ಭಾಳ ಚಲೋ ಬಂದದ್ದರ ಮ್ಯಾಲೆ ಸಂಶಯ ಪಡಬೇಕ್ರಿ," ಎಂದರು. ಕಡಿಮೆ ಬಂದದ್ದನ್ನು ಎಲ್ಲರೂ ಸಂಶಯಪಡುತ್ತಾರೆ, ಮೊದಲು ಲ್ಯಾಬಿನ ಮೇಲೆ.

ವಿದ್ಯಾಗಿರಿ ಬಾಗಲಕೋಟೆಯವರಿಗೆ ಒಂದು ಬಡಾವಣೆಯ ಹೆಸರಿಗಿಂತ ಹೆಚ್ಚಿನದು. 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಕಾಲೇಜುಗಳಿಂದ ಬಂದ ಹೆಸರು ಅದು. ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1963ರಲ್ಲಿ. ಮರುವರ್ಷ, 1964ರ ಮೇ 22ರಂದು, ಆಲಮಟ್ಟಿ ಅಣೆಕಟ್ಟೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟರು. ಕಟ್ಟೆ ಮುಗಿದು ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡುವ ಹೊತ್ತಿಗೆ 2006 ಬಂದಿತ್ತು. ಈ ನಾಲ್ಕು ದಶಕಗಳಲ್ಲಿ ಹಿನ್ನೀರು ಹಳೆ ಬಾಗಲಕೋಟೆಯ ಮನೆಗಳವರೆಗೆ ಬಂತು, ಓಣಿಗಳು ಎದ್ದು ನವನಗರಕ್ಕೆ ಹೋದವು. ಒಂದು ಊರಿಗೆ ಊರೇ ಮನೆ ಕಟ್ಟಿತು. ಪರಿಹಾರದ ದುಡ್ಡು, ಸೆಕ್ಟರ್ ನಂಬರು, ನಿವೇಶನ, ಗೌಂಡಿ. ಅಣೆಕಟ್ಟೆಯ ಕಾಂಕ್ರೀಟಿಗೆ ಗುಣನಿಯಂತ್ರಣದ ವಿಭಾಗ ಇರುತ್ತದೆ, ದಿನದ ದಾಖಲೆ ಇರುತ್ತದೆ; ಅದೇ ಅಣೆಕಟ್ಟೆಯಿಂದ ಎದ್ದು ಬಂದವರ ಮನೆಯ ಕಾಂಕ್ರೀಟನ್ನು ನೋಡುವವರು ಗೌಂಡಿ ಮತ್ತು ಮನೆಯ ಯಜಮಾನ, ಇಬ್ಬರೇ. ಲ್ಯಾಬಿಗೆ ಬರುವುದು ರಸ್ತೆ, ಶಾಲೆ, ಸೇತುವೆ, ಟ್ಯಾಂಕಿಗಳ ಮಾಲು. ಬಿಲ್ಲು ಪಾಸಾಗಲು ವರದಿ ಬೇಕಾದವರ ಮಾಲು. ಸ್ವಂತ ಮನೆಯ ಮಾಲು ಹಿಡಿದು ಬಂದ ನನ್ನನ್ನು ಕಂಡು ಆ ಹಿರಿಯರು ಮೊದಲು ಕೇಳಿದ್ದು, "ಯಾವ ಡಿಪಾರ್ಟಮೆಂಟ್ರಿ?"

ಲ್ಯಾಬಿನೊಳಗೆ ಕಾಲಿಟ್ಟರೆ ಹೆಸರುಗಳ ಸಂತೆ. ಸಿಮೆಂಟು ಎಷ್ಟು ಹೊತ್ತಿಗೆ ಗಟ್ಟಿಯಾಗುತ್ತದೆ ಎಂದು ನೋಡುವ ಸೂಜಿ ವಿಕಾ ಎಂಬ ಫ್ರೆಂಚ್ ಎಂಜಿನಿಯರನದು. ಲೂಯಿ ವಿಕಾ ದೋರ್ದೋಞ್ ನದಿಗೆ ಸುಯ್ಯಾಕ್ ಎಂಬಲ್ಲಿ ಸೇತುವೆ ಕಟ್ಟುವ ಕೆಲಸಕ್ಕೆ ಬಿದ್ದು, ನೀರೊಳಗೂ ಗಟ್ಟಿಯಾಗುವ ಸುಣ್ಣ ಯಾವುದು, ಯಾಕೆ ಎಂದು ಹುಡುಕಿ 1818ರಲ್ಲಿ ಪುಸ್ತಕ ಬರೆದವನು. ಒಂದು ಚದರ ಮಿಲಿಮೀಟರಿನ ಅವನ ಸೂಜಿ, ನೀರು ಹಾಕಿದ ಅರ್ಧ ಗಂಟೆಯೊಳಗೆ ಸಿಮೆಂಟಿನ ಮುದ್ದೆಯಲ್ಲಿ ತಡೆದು ನಿಲ್ಲಬಾರದು. ನಿಂತರೆ ಆ ಸಿಮೆಂಟಿಗೆ ಅವಸರ ಹೆಚ್ಚು, ಗೌಂಡಿಗೆ ಕೈಯಾಡಿಸಲು ಹೊತ್ತು ಸಿಗುವುದಿಲ್ಲ. ಪಕ್ಕದಲ್ಲಿ ಹಿತ್ತಾಳೆಯ ಸೀಳು ಉಂಗುರ, ಲೆ ಶಾತೆಲಿಯೆಯದು. ಸಿಮೆಂಟು ತುಂಬಿ ಮೂರು ತಾಸು ಕುದಿಸಿದ ಮೇಲೆ ಅದರ ಎರಡು ಕಡ್ಡಿಗಳು ಎಷ್ಟು ದೂರ ಸರಿದವು ಎಂದು ಅಳೆಯುತ್ತಾರೆ. ಹತ್ತು ಮಿಲಿಮೀಟರ್ ದಾಟಿದರೆ ಆ ಸಿಮೆಂಟು ಮುಂದೊಂದು ದಿನ ಗೋಡೆಯೊಳಗೆ ಉಬ್ಬಿ ಬಿರುಕು ಬಿಡಿಸುತ್ತದೆ. ಮಣ್ಣಿಗೆ ಸ್ವೀಡನ್ನಿನ ಆಟರ್‌ಬರ್ಗ್, ರಸ್ತೆಯ ಗರಸಿಗೆ ಅಮೆರಿಕದ ಪ್ರಾಕ್ಟರ್. ನಮ್ಮ ಹೆಸರು ಒಂದೂ ಇಲ್ಲವೇ ಎಂದರೆ ಒಂದು ಊರಿನ ಹೆಸರಿದೆ. ಸಿಮೆಂಟಿನ ಬಲ ಪರೀಕ್ಷಿಸಲು ಬಳಸುವ ಉಸುಕು ದೇಶಕ್ಕೆಲ್ಲ ಒಂದೇ, ಅದು ತಮಿಳುನಾಡಿನ ಎಣ್ಣೂರಿನದು. ಘಟಪ್ರಭೆ, ಮಲಪ್ರಭೆ, ಕೃಷ್ಣೆ ಮೂರೂ ಹರಿಯುವ ಜಿಲ್ಲೆಯ ಲ್ಯಾಬಿಗೂ ಸಮುದ್ರದಂಡೆಯ ಉಸುಕು ಚೀಲದಲ್ಲಿ ಬರುತ್ತದೆ. ಎಲ್ಲರ ಸಿಮೆಂಟನ್ನೂ ಒಂದೇ ಉಸುಕಿನಲ್ಲಿ ಅಳೆಯದಿದ್ದರೆ ನಿನ್ನದು ಮೇಲೋ ನನ್ನದು ಮೇಲೋ ಎಂದು ತೀರ್ಮಾನಿಸುವುದು ಹೇಗೆ?

ನನಗೆ ಮೆಚ್ಚುಗೆಯಾದ ಇನ್ನೊಂದು ಅಂಕಿ 27. ಕ್ಯೂಬನ್ನು ಮುಳುಗಿಸಿಡುವ ನೀರು ಯುರೋಪಿನಲ್ಲಿ 20 ಡಿಗ್ರಿ ಇರಬೇಕು, ನಮ್ಮ ನಿಯಮದಲ್ಲಿ 27, ಎರಡು ಡಿಗ್ರಿ ಆಚೀಚೆ. ಪರದೇಶದ ಪರೀಕ್ಷೆಯನ್ನು ನಮ್ಮ ಹವೆಗೆ ಒಗ್ಗಿಸಿದ ಗುರುತು ಅದೊಂದು. ಬಾಗಲಕೋಟೆಯ ಮೇ ತಿಂಗಳಿಗೆ ಇಪ್ಪತ್ತೇಳೂ ತಂಪೇ; ಸೂರಿನ ಕೆಳಗೆ ಬಿಟ್ಟ ಟಾಕಿಯ ನೀರು ತಾನಾಗಿ ಅಲ್ಲಿ ನಿಲ್ಲುವುದಿಲ್ಲ.

ಈ ಕಸುಬಿಗೆ ಜನ ಬರುವುದು ಎರಡು ಬಾಗಿಲಿನಿಂದ. ಒಂದು ಬಾಗಿಲಲ್ಲಿ ಬಿ.ಇ., ಎಂ.ಟೆಕ್. ಮುಗಿಸಿ ಪಿಎಚ್.ಡಿ. ಮಾಡುವವರು, ಇನ್ನೊಂದರಲ್ಲಿ ಡಿಪ್ಲೊಮಾ ಅಥವಾ ಐಟಿಐ ಮುಗಿಸಿ ಲ್ಯಾಬ್ ಸಹಾಯಕರಾಗಿ ಸೇರಿ ಅಲ್ಲೇ ತಲೆ ನರೆಯುವವರು. ಪ್ರಬಂಧದ ಮೇಲೆ ಹೆಸರು ಬರುವುದು ಮೊದಲಿನವರದು. ಯಂತ್ರದ ದನಿ ಬದಲಾಗಿದೆ, ಎಣ್ಣೆ ಸೋರುತ್ತಿದೆ, ಈ ವಾರ ಬಂದ ಅಂಕಿಗಳನ್ನು ನಂಬಬೇಡಿ ಎಂದು ಮೊದಲು ಹೇಳುವವರು ಎರಡನೆಯವರು. ಸಂಶೋಧನೆ ಎಂದು ನಾವು ಗೌರವದಿಂದ ಕರೆಯುವ ಕೆಲಸದಲ್ಲಿ ಈ ಎರಡನೆಯವರ ಪಾಲು ಎಷ್ಟು ಎಂದು ಯಾರಾದರೂ ಒಮ್ಮೆ ಪ್ರಾಮಾಣಿಕವಾಗಿ ಬರೆಯಬೇಕು. ಕೃತಜ್ಞತೆಯ ಪುಟದ ಕೊನೆಯ ಸಾಲಿನಲ್ಲಿ, ಅದೂ ಹೆಸರಿಲ್ಲದೆ "ಪ್ರಯೋಗಾಲಯದ ಸಿಬ್ಬಂದಿ" ಎಂದು ಹಾಕಿ ಮುಗಿಸುವುದು ರೂಢಿಯಾಗಿದೆ.

ಹೊರಗಿನವರು ಅಂದುಕೊಂಡ ಹಾಗೆ ದಿನವಿಡೀ ಒಡೆಯುವ ಕೆಲಸವೂ ಅಲ್ಲ ಇದು. ಒಡೆಯುವುದು ಐದಾರು ನಿಮಿಷದ ಮಾತು. ಉಳಿದದ್ದು ಹೊರುವುದು, ಜರಡಿ ಹಿಡಿಯುವುದು, ತೂಗುವುದು, ಒಣಗಿಸುವುದು, ಮತ್ತು ಕಾಯುವುದು. ಒಂದು ಸಣ್ಣ ಸಂಶೋಧನೆಯನ್ನೇ ನೋಡಿ: ಸಿಮೆಂಟಿನ ಬದಲು ಶೇ 10, 20, 30ರಷ್ಟು ಬೂದಿ ಹಾಕಿದರೆ ಏನಾಗುತ್ತದೆ? ಬೂದಿ ಇಲ್ಲದ್ದೂ ಸೇರಿ ನಾಲ್ಕು ಬಗೆ. ಪ್ರತಿಯೊಂದನ್ನೂ 7, 28, 56, 90 ದಿನಕ್ಕೆ ಮೂರು ಮೂರರಂತೆ ಒಡೆದರೆ 48 ಕ್ಯೂಬ್, ಹತ್ತಿರ ನಾಲ್ಕು ಕ್ವಿಂಟಲ್ ಕಾಂಕ್ರೀಟು. ಇಷ್ಟೂ ಬರೀ ಒತ್ತಡದ ಪರೀಕ್ಷೆಗೆ. ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳ ಕಬ್ಬಿನ ಸಿಪ್ಪೆಯ ಬೂದಿ, ಇಳಕಲ್ಲಿನ ಗ್ರಾನೈಟ್ ಕೊಯ್ಯುವಾಗ ಹರಿದು ಬರುವ ರಾಡಿ, ಇವೆಲ್ಲ ನಮ್ಮ ಸೀಮೆಯ ಹುಡುಗರ ಕೈಗೆ ಸಹಜವಾಗಿ ಸಿಗುವ ವಸ್ತುಗಳು. ಹೊಸದೆಂದು ಕಂಡರೂ ಬೂದಿಯ ಹಿಂದಿನ ಉಪಾಯ ಹಳೆಯದು. 1911ರಲ್ಲಿ ಶುರುವಾದ ಕೃಷ್ಣರಾಜಸಾಗರವನ್ನು ಕಟ್ಟಿದ್ದು ಸುರ್ಕಿ ಗಾರೆಯಿಂದ: ಸುಟ್ಟ ಮಣ್ಣಿನ ಪುಡಿ, ಜೊತೆಗೆ ಸುಣ್ಣ. ಸುಟ್ಟ ಮಣ್ಣಿನಲ್ಲಿರುವ ಸಿಲಿಕಾ ಸುಣ್ಣವನ್ನು ಹಿಡಿದುಕೊಂಡು ನೀರಿನಲ್ಲೂ ಗಟ್ಟಿಯಾಗುತ್ತದೆ. ಹದವಾಗಿ ಸುಟ್ಟ ಕಬ್ಬಿನ ಬೂದಿಯ ಸಿಲಿಕಾ ಮಾಡುವುದೂ ಅದನ್ನೇ. ಅದೇ ಕೃಷ್ಣರಾಜಸಾಗರದ ಬಳಿ 1944ರಲ್ಲಿ ಹುಟ್ಟಿದ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ ರಾಜ್ಯದ ಅಣೆಕಟ್ಟೆಗಳ ಮಣ್ಣು, ಕಲ್ಲು, ಕಾಂಕ್ರೀಟುಗಳನ್ನು ಪರೀಕ್ಷಿಸುತ್ತ ಬಂದಿದೆ.

ಕಾಯುವುದರಲ್ಲಿ ಎಲ್ಲರನ್ನೂ ಮೀರಿಸಿದವನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿದಿ ಎಂಬ ಪ್ರಾಧ್ಯಾಪಕ. 1910ರಲ್ಲಿ, ಮತ್ತೆ 1923ರಲ್ಲಿ, ಮತ್ತೆ 1937ರಲ್ಲಿ ಕಾಂಕ್ರೀಟಿನ ತುಂಡುಗಳನ್ನು ಎರಕ ಹೊಯ್ದಿಟ್ಟ. ಕೊನೆಯದನ್ನು ಒಡೆಯಬೇಕಾದದ್ದು ಐವತ್ತು ವರ್ಷಕ್ಕೆ. ತಾನು ಹೊಯ್ದದ್ದನ್ನು ತಾನೇ ಒಡೆಯಲಾರೆ ಎಂದು ಗೊತ್ತಿದ್ದೇ ಶುರುಮಾಡಿದ ಕೆಲಸ. ಮುಂದಿನವರು ಒಡೆದು ಬರೆದರು. ಸಿಕ್ಕ ಉತ್ತರ ವಿಚಿತ್ರ. ದಪ್ಪಗೆ ಬೀಸಿದ ಹಳೆಯ ಸಿಮೆಂಟಿನವು ಐವತ್ತು ವರ್ಷವೂ ನಿಧಾನಕ್ಕೆ ಬಲ ಏರಿಸಿಕೊಳ್ಳುತ್ತಲೇ ಹೋಗಿದ್ದವು. 1937ರ ನುಣ್ಣನೆಯ ಸಿಮೆಂಟಿನವು ಬೇಗ ಬಲ ಪಡೆದು, ಹತ್ತು ಇಪ್ಪತ್ತೈದು ವರ್ಷಕ್ಕೆ ನೆತ್ತಿ ಮುಟ್ಟಿ, ಆಮೇಲೆ ಸ್ವಲ್ಪ ಇಳಿದಿದ್ದವು. ಏಳು ದಿನಕ್ಕೇ ಸೆಂಟ್ರಿಂಗ್ ಬಿಚ್ಚುವ ಅವಸರದ ಬೆಲೆ ಏನೆಂದು ತಿಳಿಯಲು ಒಬ್ಬರ ನೌಕರಿಯ ಅವಧಿ ಸಾಲಲಿಲ್ಲ.

ಗೌಂಡಿ ಮತ್ತು ಲ್ಯಾಬಿನವರ ನಡುವಿನ ಜಗಳ ಮಾತ್ರ ನಿತ್ಯದ್ದು, ಅದು ನೀರಿನ ಜಗಳ. ಗಟ್ಟಿ ಕಾಂಕ್ರೀಟನ್ನು ಎಳೆದಾಡಲು ಕೈ ಸೋಲುತ್ತದೆ. ಒಂದು ಕೊಡ ನೀರು ಹೆಚ್ಚು ಸುರಿದರೆ ಸಾರಿನ ಹಾಗೆ ಹರಿಯುತ್ತದೆ. ಶಿಕಾಗೊದಲ್ಲಿ ಡಫ್ ಏಬ್ರಮ್ಸ್ ಸುಮಾರು 50,000 ಪರೀಕ್ಷೆಗಳ ಬೆನ್ನ ಮೇಲೆ ನಿಂತು 1918ರಲ್ಲಿ ಹೇಳಿದ್ದು ಒಂದೇ ಮಾತು: ಚೆನ್ನಾಗಿ ಕುಕ್ಕಿ ತುಂಬುವಂತಿರುವ ಕಾಂಕ್ರೀಟಿನ ಬಲ ನಿಂತಿರುವುದು ಸಿಮೆಂಟಿಗೆ ನೀರಿನ ಪ್ರಮಾಣ ಎಷ್ಟು ಎನ್ನುವುದರ ಮೇಲೆ. ಸಿಮೆಂಟು ತನಗೆ ಬೇಕಾದಷ್ಟು ನೀರು ಕುಡಿದ ಮೇಲೆ ಉಳಿದದ್ದು ಆರಿ ಹೋಗುತ್ತದೆ, ಹೋದ ಜಾಗದಲ್ಲಿ ಕಣ್ಣಿಗೆ ಕಾಣದ ತೂತು. ಐವತ್ತು ಸಾವಿರ ಪರೀಕ್ಷೆಯ ಈ ಮಾತು ನಮ್ಮ ಸ್ಲ್ಯಾಬಿನ ಮೇಲೆ ಮಧ್ಯಾಹ್ನ ಹನ್ನೆರಡಕ್ಕೆ ಹೇಗೆ ಸೋಲುತ್ತದೆ ಎಂದು ನಾನು ನೋಡಿದ್ದೇನೆ. "ನೀರ ಹಾಕೋ ತಮ್ಮಾ, ಮಾಲ ಆಡವಲ್ದು" ಎಂಬ ಒಂದು ಕೂಗಿಗೆ. ಆ ಬಿಸಿಲಲ್ಲಿ ಬುಟ್ಟಿ ಹೊರುವವರನ್ನು ಕಂಡವನು ಆ ಕೂಗನ್ನು ಪೂರ್ತಿ ಬೈಯಲಾರ. ಹಿರಿಯರ ಸಲಹೆ ಬೇರೆ: ಸ್ಲ್ಯಾಬನ್ನು ನಸುಕಿನಲ್ಲೇ ಶುರುಮಾಡಿ, ಖಡಿಗೆ ಹಿಂದಿನ ರಾತ್ರಿಯೇ ನೀರು ಹೊಡೆದು ಇಡಿ.

ಮಣ್ಣಿನ ಪರೀಕ್ಷೆಗಳಲ್ಲಿ ನನಗೆ ಮಾಯಾಜಾಲದಂತೆ ಕಂಡದ್ದು ಎರಿ ಮಣ್ಣಿನದು. ಗಾಜಿನ ಎರಡು ಅಳತೆ ಕೊಳವೆ. ಒಣಗಿಸಿ ಜರಡಿ ಹಿಡಿದ ಹತ್ತು ಹತ್ತು ಗ್ರಾಂ ಮಣ್ಣು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಮರುದಿನ ಬಂದು ನೋಡಿದರೆ ಸೀಮೆಎಣ್ಣೆಯದು ಇದ್ದಷ್ಟೇ ಇರುತ್ತದೆ, ನೀರಿನದು ಹಿಟ್ಟು ಹುದುಗಿದ ಹಾಗೆ ಉಬ್ಬಿರುತ್ತದೆ. ಎಣ್ಣೆಯನ್ನು ಈ ಮಣ್ಣು ಮೂಸುವುದಿಲ್ಲ, ನೀರನ್ನು ಮಾತ್ರ ಪದರುಗಳ ನಡುವೆ ಎಳೆದುಕೊಳ್ಳುತ್ತದೆ. ಎರಡರ ವ್ಯತ್ಯಾಸ ಅರ್ಧಕ್ಕಿಂತ ಹೆಚ್ಚಾದರೆ ಆ ಮಣ್ಣಿನ ಮೇಲೆ ನೇರ ಪಾಯ ಹಾಕಬಾರದು. ಜೋಳಕ್ಕೆ ಬಂಗಾರದಂಥ ಭೂಮಿ ಮನೆಗೆ ಯಾಕೆ ಶತ್ರು ಎಂಬುದು ಎರಡು ಕೊಳವೆಯಲ್ಲಿ, ಒಂದು ರಾತ್ರಿಯಲ್ಲಿ ತಿಳಿಯುತ್ತದೆ. ನಮ್ಮ ಹಿಂದಿನವರು ಊರನ್ನು ಮರಡಿಯ ಮೇಲೆ ಕಟ್ಟಿ ಎರಿಯನ್ನು ಹೊಲಕ್ಕೆ ಬಿಟ್ಟದ್ದನ್ನು ನೆನೆದರೆ, ಕೊಳವೆ ಇಲ್ಲದೆಯೂ ಈ ವ್ಯತ್ಯಾಸ ಅವರಿಗೆ ಗೊತ್ತಿತ್ತೆಂದು ನನ್ನ ಊಹೆ.

ಮಣ್ಣನ್ನೇ ಪರೀಕ್ಷಿಸುತ್ತ ವೃತ್ತಿಜೀವನ ಕಳೆದ ಕನ್ನಡ ನಾಡಿನ ಇಬ್ಬರನ್ನು ಇಲ್ಲಿ ನೆನೆಯಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗೆ ಒಗ್ಗುವ ತಂತ್ರಜ್ಞಾನಕ್ಕೆಂದು 'ಅಸ್ತ್ರ' ಎಂಬ ಕೂಟ ಶುರುಮಾಡಿದರು. ಅಲ್ಲಿ ಕೆ.ಎಸ್. ಜಗದೀಶ್, ಅವರ ಜೊತೆ ಬಿ.ವಿ. ವೆಂಕಟರಾಮ ರೆಡ್ಡಿ, ಮಣ್ಣಿಗೆ ಸ್ವಲ್ಪ ಸಿಮೆಂಟು ಸೇರಿಸಿ ಕೈಯಂತ್ರದಲ್ಲಿ ಒತ್ತಿ, ಸುಡದೆ ಮಾಡುವ ಇಟ್ಟಿಗೆಯ ಬೆನ್ನು ಹತ್ತಿದರು. ಆ ಒತ್ತುಯಂತ್ರಕ್ಕೆ 'ಮರ್ದಿನಿ' ಎಂದು ಹೆಸರು. ಕಾಂಕ್ರೀಟಿನ ಪ್ರತಿಷ್ಠೆಯ ಕಾಲದಲ್ಲಿ ಮಣ್ಣಿನ ಇಟ್ಟಿಗೆಯನ್ನು ಪರೀಕ್ಷಾ ಯಂತ್ರದ ಮೇಲೆ ಕೂರಿಸುವುದಕ್ಕೆ ಧೈರ್ಯ ಬೇಕಿತ್ತು. ಅವರು ಒತ್ತಿ ಹೇಳಿದ್ದು ಒದ್ದೆ ಬಲದ ಮಾತು. ಒಣಗಿದ ಮಣ್ಣಿನ ಇಟ್ಟಿಗೆ ಎಷ್ಟು ಭಾರ ತಡೆದರೂ ನಂಬುವಂತಿಲ್ಲ. ನೀರಲ್ಲಿ ನೆನೆಸಿ ಒಡೆದಾಗ ಬಂದ ಅಂಕಿಯೇ ಲೆಕ್ಕಕ್ಕೆ. ಮಳೆಗಾಲ ಗೊತ್ತಿರುವವರು ಮಾತ್ರ ಹೀಗೆ ಪರೀಕ್ಷಿಸುತ್ತಾರೆ. ಮಸಾರಿಯಂಥ ಕೆಂಪು ಮಣ್ಣಿಗೆ ಸಿಮೆಂಟು ಸಾಕು, ಉಬ್ಬುವ ಎರಿಯಂಥದಕ್ಕೆ ಸುಣ್ಣದ ನೆರವು ಬೇಕು ಎಂಬ ತಿಳಿವೂ ಈ ದಾರಿಯಲ್ಲೇ ಗಟ್ಟಿಯಾಯಿತು.

ಕಲ್ಲಿನ ವಿಷಯಕ್ಕೆ ಬಂದರೆ ಈ ಜಿಲ್ಲೆಗೆ ಪರಿಶೀಲನೆ ಹೊಸದಲ್ಲ. 1876ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಶಿಲೆಗಳ ಬಗ್ಗೆ ಬರೆದ ಗ್ರಂಥದಿಂದ ಕಲಾದಗಿ ಎಂಬ ಸಣ್ಣ ಊರಿನ ಹೆಸರು ಜಗತ್ತಿನ ಭೂವಿಜ್ಞಾನಕ್ಕೆ ಹೋಯಿತು. ಆ ಶಿಲೆಗಳಲ್ಲಿನ ಸುಣ್ಣಕಲ್ಲಿನ ಹಾಸಿನಿಂದಲೇ ಬಾಗಲಕೋಟೆಗೆ ಸಿಮೆಂಟ್ ಕಾರ್ಖಾನೆ ಬಂದದ್ದು. ಇತ್ತ ಬಾದಾಮಿಯ ಮರಳುಗಲ್ಲು, ಅತ್ತ ಇಳಕಲ್ಲಿನ ಕೆಂಪು ಗ್ರಾನೈಟು. ಎರಡನ್ನೂ ಯಂತ್ರದಲ್ಲಿ ಕೂರಿಸಿದರೆ ಗ್ರಾನೈಟು ನಮ್ಮ ಮನೆಯ ಕಾಂಕ್ರೀಟಿಗಿಂತ ಐದಾರು ಪಟ್ಟು ಭಾರ ತಡೆಯುವುದು ಸಾಮಾನ್ಯ. ಮರಳುಗಲ್ಲು ಅದರ ಹತ್ತಿರವೂ ಸುಳಿಯುವುದಿಲ್ಲ, ನೀರನ್ನೂ ಕುಡಿಯುತ್ತದೆ. ಹಾಗಿದ್ದೂ 578ರಲ್ಲಿ ಮಂಗಲೇಶ ಶಾಸನ ಬರೆಸಿದ ಬಾದಾಮಿಯ ಮೂರನೇ ಗುಹೆಯಿದೆ, 634ರ ರವಿಕೀರ್ತಿಯ ಶಾಸನ ಹೊತ್ತ ಐಹೊಳೆಯ ಮೇಗುತಿ ಗುಡಿಯಿದೆ. ಗುಡಿಯವು ಗಾರೆ ಹಾಕದೆ ಕಲ್ಲಿನ ಮೇಲೆ ಕಲ್ಲು ಕೂರಿಸಿದ ಗೋಡೆಗಳು. ಕಲ್ಲು ಬರೀ ಒತ್ತಡ ಹೊರುವಂತೆ, ಎಳೆತಕ್ಕೆ ಸಿಗದಂತೆ ಕಟ್ಟಿದ್ದರಿಂದ ನಿಂತವು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿದ ಅನಿವಾರಿತಾಚಾರಿ ಎಂಬ ಬಿರುದಿನ ಗುಂಡನ ಹೆಸರು ಶಾಸನದಲ್ಲಿ ಉಳಿದಿದೆ; ಆತ ಕಲ್ಲು ಆರಿಸಿದ್ದು ಹೇಗೆಂದು ಮಾತ್ರ ಬರೆಸಿಲ್ಲ. ಶಿಲ್ಪಶಾಸ್ತ್ರಗಳು ಕಲ್ಲನ್ನು ತಟ್ಟಿ, ಹೊಮ್ಮುವ ನಾದದಿಂದ ಗಂಡು, ಹೆಣ್ಣು, ನಪುಂಸಕ ಎಂದು ವಿಂಗಡಿಸುತ್ತವೆ. ಗಂಟೆಯಂತೆ ಮೊಳಗಿದ್ದು ಒಳಗೆ ಬಿರುಕಿಲ್ಲದ ಕಲ್ಲು. ಇಂದು ಕಾಂಕ್ರೀಟಿನೊಳಗೆ ಕಿವಿಗೆ ಕೇಳದ ಶಬ್ದವನ್ನು ಒಂದು ಬದಿಯಿಂದ ಬಿಟ್ಟು ಇನ್ನೊಂದು ಬದಿಯಲ್ಲಿ ಹಿಡಿಯುತ್ತಾರೆ. ಸೆಕೆಂಡಿಗೆ 4.5 ಕಿಲೋಮೀಟರಿಗಿಂತ ಬೇಗ ದಾಟಿದರೆ ಉತ್ತಮ, 3ಕ್ಕಿಂತ ನಿಧಾನವಾದರೆ ಒಳಗೇನೋ ಕೆಟ್ಟಿದೆ. ಮಡಕೆ ಕೊಳ್ಳುವ ಅಜ್ಜಿಯ ಬೆರಳೂ ಇದನ್ನೇ ಮಾಡುತ್ತಿತ್ತು.

ಉಕ್ಕಿನ ಪರೀಕ್ಷೆ ಇದ್ದುದರಲ್ಲಿ ನಾಟಕೀಯ: ಸಲಾಕೆಯನ್ನು ಎರಡು ಕಡೆ ಕಚ್ಚಿ ಎಳೆಯುತ್ತ ಹೋದರೆ ಒಂದು ಕಡೆ ಸೊಂಟ ಸಣ್ಣಗಾಗಿ, ಪಟಾಕಿಯ ಸದ್ದಿನೊಂದಿಗೆ ತುಂಡಾಗುತ್ತದೆ. ಮನೆ ಕಟ್ಟುವವರಿಗೆ ಅದಕ್ಕಿಂತ ಉಪಯೋಗದ್ದು ತಕ್ಕಡಿ. ಸಲಾಕೆಯ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. 12 ಮಿಲಿಮೀಟರಿನ, 12 ಮೀಟರ್ ಉದ್ದದ ಸಲಾಕೆ ಹತ್ತೂಮುಕ್ಕಾಲು ಕಿಲೋದ ಹತ್ತಿರ ಇರಬೇಕು. ಶೇ 5ರಷ್ಟು ಕಡಿಮೆಯಾದರೆ ನಿಯಮ ಸುಮ್ಮನಿರುತ್ತದೆ, ಅದಕ್ಕಿಂತ ಇಳಿದರೆ ನೀವು ಸುಮ್ಮನಿರಬೇಡಿ.

ಈ ಕಸುಬಿನಲ್ಲಿ ಕಷ್ಟದ್ದು ಯಾವುದು ಎಂದು ಕೇಳಿದ್ದೆ. ಧೂಳು ಎನ್ನಬಹುದು, ಹೊರುವುದು ಎನ್ನಬಹುದು ಎಂದುಕೊಂಡಿದ್ದೆ. ಅವರು ಹೇಳಿದ್ದು ಫೋನು. ಅಂಕಿ ಕಡಿಮೆ ಬಂದ ದಿನ ಬರುವ ಫೋನು. "ಸ್ವಲ್ಪ ನೋಡ್ರಿ ಸರ" ಎಂಬ ಮೂರು ಪದ. ಲಂಡನ್ನಿನಲ್ಲಿ 1874ರಲ್ಲಿ ಪರೀಕ್ಷಾಲಯ ಕಟ್ಟಿದ ಡೇವಿಡ್ ಕರ್ಕಾಲ್ಡಿ ಎಂಬಾತ ಬಾಗಿಲ ಮೇಲೆಯೇ, ಇಲ್ಲಿ ಸಿಗುವುದು ವಾಸ್ತವ, ಅಭಿಪ್ರಾಯ ಸಿಗುವುದಿಲ್ಲ ಎಂಬರ್ಥದ ಮಾತು ಕೆತ್ತಿಸಿದ್ದ. 1879ರಲ್ಲಿ ಸ್ಕಾಟ್ಲೆಂಡಿನ ಟೇ ಸೇತುವೆ ರೈಲಿನೊಂದಿಗೆ ಕುಸಿದಾಗ ಅದರ ಕಬ್ಬಿಣವನ್ನು ಎಳೆದು ನೋಡಿದ್ದು ಆತನ ಯಂತ್ರದಲ್ಲೇ. ನಮ್ಮ ಲ್ಯಾಬುಗಳ ಬಾಗಿಲ ಮೇಲೆ ಅಂಥದ್ದೇನೂ ಕೆತ್ತಿರುವುದಿಲ್ಲ. ವರದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಈ ಫಲಿತಾಂಶ ಪರೀಕ್ಷಿಸಿದ ಮಾದರಿಗೆ ಮಾತ್ರ ಅನ್ವಯಿಸುತ್ತದೆ. ಮಾನ್ಯತೆ ಪಡೆದ ಲ್ಯಾಬು ಅದನ್ನು ಬರೆಯಲೇಬೇಕು. ಬಿಲ್ಲಿಗೆ ಲಗತ್ತಿಸುವವರು ಓದದ ಸಾಲು. ನನಗೆ ಆ ವರದಿಯಲ್ಲಿ ಅತ್ಯಂತ ನಿಜವೆನಿಸಿದ್ದು ಅದೇ ಸಾಲು, ಯಾಕೆಂದರೆ ನನ್ನ ಕೈಯಲ್ಲಿದ್ದ ವರದಿ 38.1 ಎಂದು ಹೇಳುತ್ತಿತ್ತು, ಸುಳ್ಳಲ್ಲ. ನನ್ನ ಮನೆಯ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ, ಅದೂ ಸುಳ್ಳಲ್ಲ. ಅಂಕಿಯನ್ನು ತಿದ್ದದೆಯೂ ವರದಿಯನ್ನು ಕೆಡಿಸಬಹುದು. ಹಾಗೆ ಕೆಡಿಸುವ ಕೆಲಸ ನಡೆಯುವುದು ಲ್ಯಾಬಿನ ಗೇಟಿನ ಹೊರಗೆ, ಕ್ಯೂಬ್ ತುಂಬುವ ಹೊತ್ತಿನಲ್ಲಿ. ಅಲ್ಲಿಗೆ ಪರೀಕ್ಷಕರನ್ನು ಯಾರೂ ಕರೆಯುವುದಿಲ್ಲ.

ನಾನು ಕರೆದೆ. ಒಂದು ಸಂಜೆ ಹಿರಿಯರು ಚೀಲದಲ್ಲಿ ಒಂದು ಉಪಕರಣ ಹಾಕಿಕೊಂಡು ಬಂದರು. ಅದನ್ನು ಸುತ್ತಿಗೆ ಎನ್ನುತ್ತಾರೆ, ನೋಡಿದರೆ ಟಾರ್ಚಿನಂಥ ಕೊಳವೆ. 1948ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಅರ್ನ್‌ಸ್ಟ್ ಸ್ಮಿಟ್ ರೂಪಿಸಿದ್ದು. ಕಾಂಕ್ರೀಟಿಗೆ ಒತ್ತಿದರೆ ಒಳಗಿನ ತೂಕ ಸ್ಪ್ರಿಂಗಿನಿಂದ ಹೊಡೆದು ಹಿಂದಕ್ಕೆ ಪುಟಿಯುತ್ತದೆ. ಪುಟಿದಷ್ಟೂ ಮೈ ಗಟ್ಟಿ. ಸೆಂಟ್ರಿಂಗ್ ಬಿಚ್ಚಿದ ಸ್ಲ್ಯಾಬಿನ ಅಡಿಗೆ ಏಣಿ ಹಾಕಿ, ಹತ್ತಾರು ಕಡೆ ಮೈ ಉಜ್ಜಿ, ಒತ್ತಿ, ಬರೆದುಕೊಂಡು, ಇಳಿದು ಬಂದು ಚಹಾ ಕುಡಿದರು. ಎಷ್ಟು ಎಂದೆ.

"ಇಪ್ಪತ್ತೆರಡು, ಇಪ್ಪತ್ತಮೂರು ಇರಬಹುದ್ರಿ. ಕಾಲು ಭಾಗ ಆಚೀಚೆ. ಬಾಯಿಮಾತಿಗೆ ಹೇಳ್ತೀನಿ, ಬರದು ಕೊಡೂದಿಲ್ಲ."

ಮೈ ಮೇಲಿನ ಗಟ್ಟಿಯಿಂದ ಒಳಗಿನ ಬಲ ಊಹಿಸುವ ಪರೀಕ್ಷೆ ಅದು. ಶೇ 25ರಷ್ಟು ತಪ್ಪಬಹುದೆಂದು ನಿಯಮವೇ ಹೇಳುತ್ತದೆ. ಅವರು ಬರೆದು ಕೊಡದೆ ಹೋದದ್ದರಿಂದಲೇ ನನಗೆ ನಂಬಿಕೆ ಬಂತು.

ಹೊರಡುವಾಗ ಚೀಲದಿಂದ ಒಂದು ಕಲ್ಲು ತೆಗೆದು ಕಟ್ಟೆಯ ಮೇಲಿಟ್ಟರು. ನನ್ನದೇ ಎರಡನೆಯ ಕ್ಯೂಬು. ಸರಿಯಾಗಿ ಒಡೆದ ಕ್ಯೂಬಿನ ನಾಲ್ಕೂ ಬದಿ ಒಂದೇ ಸಮ ಸೀಳಿ ಉದುರುತ್ತವೆ. ಮೇಲೆ, ಕೆಳಗೆ ಉಕ್ಕಿನ ಹಲಗೆ ಬಿಗಿಹಿಡಿದ ಭಾಗ ಉಳಿದು ನಡು ಸಣ್ಣಗಾಗುತ್ತದೆ. ನೋಡಲು ತೇಟು ಡಮರುಗ. ಲ್ಯಾಬಿನ ಹಿತ್ತಿಲಲ್ಲಿ ಅಂಥವುಗಳ ಗುಡ್ಡೆಯೇ ಇದೆ, ಹೂವಿನ ಪಾತಿಗೆ ಅಂಚಾಗಿಯೂ ಇಟ್ಟಿದ್ದಾರೆ. ನಮ್ಮ ಮನೆಯಲ್ಲಿ ಅದು ಗಾಳಿಗೆ ಗೇಟು ಬಡಿಯದ ಹಾಗೆ ತಡೆಗಲ್ಲಾಯಿತು.

ವರ್ಷದ ಮೇಲೆ ಕಂಪೌಂಡಿಗೆ ಗಿಲಾವು ಮಾಡಲು ಅದೇ ಗೌಂಡಿ ಬಂದ. ಗೇಟು ಸರಿಸುವಾಗ ಕಾಲಿಗೆ ತಾಗಿದ್ದನ್ನು ಬಗ್ಗಿ ಎತ್ತಿಕೊಂಡ, ತಿರುಗಿಸಿ ನೋಡಿದ.

"ಇದೇನ್ರಿ ಸರ, ಡಮರುಗದಾಂಗ ಐತಿ?"

ನಿನ್ನ ಕ್ಯೂಬ್, ಎಂದೆ.

ಕರಣಿಯ ಹಿಡಿಯಿಂದ ಎರಡು ಸಲ ಟಣ್ ಟಣ್ ಎಂದು ತಟ್ಟಿ, ಕಿವಿಗೊಟ್ಟು ಕೇಳಿ, ಮತ್ತೆ ಗೇಟಿನ ಬುಡಕ್ಕೆ ಜೋಪಾನವಾಗಿ ಇಟ್ಟ. "ಹೆಂಗ ಗಟ್ಟಿ ಐತಿ ನೋಡ್ರಿ," ಎಂದ. "ಒಂದು ಬುಟ್ಟಿ ಸಿಮೆಂಟ್ ಜಾಸ್ತಿ ಹಾಕಿದ್ನಲ್ರಿ."